ಫರ್ಲಾಟ್ ಬೇರೆ, ಫರ್ಲಾಂಗು ಬೇರೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಅಳತೆಗಳ ಕುರಿತ ಬರಹ ಚೆನ್ನಾಗಿತ್ತು. ಆದರೆ ಸ್ಕಾಟ್ಲೆಂಡಿನ ‘ಫರ್ಲಾಟ್’ ಎಂಬುದು ಫರ್ಲಾಂಗಿನ ಇನ್ನೊಂದು ರೂಪ ಎಂದಿರುವುದು ತಪ್ಪು. ಫರ್ಲಾಂಗು ದೂರದ ಅಳತೆ, 220 ಗಜ. ಉತ್ತ ಸಾಲಿನ ಉದ್ದ ಎಂಬರ್ಥದ ಹಳೆಯ ಇಂಗ್ಲಿಷಿನಿಂದ ಬಂದದ್ದು. ಫರ್ಲಾಟ್ ಕಾಳುಕಡಿ ಅಳೆಯುವ ಮಾನ. ಅದರ ಮೂಲ ಹಳೆಯ ನಾರ್ಸ್ ಭಾಷೆಯ ‘ಫ್ಯೋರ್ದಿ ಹ್ಲೋತ್ರ್’, ಅಂದರೆ ನಾಲ್ಕನೆಯ ಪಾಲು. ಅದು ‘ಬೋಲ್’ ಎಂಬ ದೊಡ್ಡ ಅಳತೆಯ ಕಾಲುಭಾಗ. ನಾಲ್ಕು ಲಿಪ್ಪಿಗೆ ಒಂದು ಪೆಕ್, ನಾಲ್ಕು ಪೆಕ್ಕಿಗೆ ಒಂದು ಫರ್ಲಾಟ್, ನಾಲ್ಕು ಫರ್ಲಾಟಿಗೆ ಒಂದು ಬೋಲ್.

ಉಚ್ಚಾರ ಹತ್ತಿರವಿದ್ದರೆ ನಂಟು ಬೆಸೆಯುವ ಚಾಳಿ ಮುಂಬಯಿಯಲ್ಲೂ ಉಂಟು. ದಾದರಿನ ತರಕಾರಿಯವರ ‘ಪಾವ್ ಕಿಲೊ’ದ ಪಾವ್ ಸಂಸ್ಕೃತದ ಪಾದದಿಂದ ಬಂದ ಕಾಲುಭಾಗ, ನಮ್ಮ ಪಾವು ಸೇರೂ ಅದೇ. ವಡಾ ಪಾವಿನ ಪಾವ್ ಮಾತ್ರ ಗೋವೆಯ ಪೋರ್ಚುಗೀಸರು ತಂದ ರೊಟ್ಟಿಯ ಹೆಸರು. ನಾಲ್ಕು ತುಂಡು ಮಾಡುವುದರಿಂದ ಪಾವ್ ಎಂದು ವಾದಿಸುವವರು ಈಗಲೂ ಸಿಗುತ್ತಾರೆ!

ತಿದ್ದುಪಡಿ ಹಾಕುವಾಗ ಒಂದು ಎಚ್ಚರಿಕೆ. ಫರ್ಲಾಟಿಗೆ ಇಷ್ಟೇ ಲೀಟರು ಎಂದು ಒಂದೇ ಅಂಕಿ ಕೊಡಲು ಬರುವುದಿಲ್ಲ. 1618ರ ಕಟ್ಟಳೆಯಲ್ಲಿ ಗೋಧಿಯ ಫರ್ಲಾಟ್ 21¼ ಸ್ಕಾಟಿಷ್ ಪೈಂಟು, ಬಾರ್ಲಿ, ಓಟ್ಸ್, ಮಾಲ್ಟಿನದು 31 ಪೈಂಟು. ಆ ಪೈಂಟು ಸುಮಾರು 1.7 ಲೀಟರಿನದು, ಹಾಗಾಗಿ ಒಂದು ಫರ್ಲಾಟ್ ಸುಮಾರು 36 ಲೀಟರು, ಇನ್ನೊಂದು 52ರ ಮೇಲೆ. ಕಾರಣವಿಷ್ಟೆ: ಗೋಧಿಯನ್ನು ಬಾಯಿಮಟ್ಟಕ್ಕೆ ಕೋಲಿನಿಂದ ಸವರಿ ಅಳೆದರೆ, ಬಾರ್ಲಿ ಓಟ್ಸನ್ನು ಮರಾಠಿಯವರು ‘ಶಿಗೋಶೀಗ್’ ಅನ್ನುವ ಹಾಗೆ ಮೇಲೆ ರಾಶಿ ಏರಿಸಿ ಅಳೆಯುತ್ತಿದ್ದರು. ಪಾತ್ರೆಯ ಬಾಯಿ ಅಗಲವಾದಷ್ಟೂ ರಾಶಿ ದೊಡ್ಡದು, ಜಗಳವೂ ಅಷ್ಟೇ. ರಾಶಿ ಏರಿಸುವುದನ್ನು ನಿಲ್ಲಿಸಿ, ಅದರ ಪಾಲನ್ನು ಪಾತ್ರೆಯೊಳಗೇ ಸೇರಿಸಿ ಹಿಗ್ಗಿಸಿದ್ದರಿಂದ 31 ಪೈಂಟಾಯಿತು. ಮಾದರಿ ಫರ್ಲಾಟನ್ನು ಕಾಯುವ ಹೊಣೆ ಲಿನ್‌ಲಿತ್‌ಗೋ ಪಟ್ಟಣದ್ದು, ಮಾದರಿ ಪೈಂಟಿನದು ಸ್ಟರ್ಲಿಂಗಿನದು.

ಆದ್ದರಿಂದ ಹಳೆಯ ಗೇಣಿ ಲೆಕ್ಕ ಅನುವಾದಿಸುವವರು ಮೊದಲು ಕಾಳು ಯಾವುದೆಂದು ನೋಡಬೇಕು, ಆಮೇಲೆ ಇಸವಿ. ‘3 ಬೋಲ್ 2 ಫರ್ಲಾಟ್ ಬಾರ್ಲಿ’ ಎಂದರೆ 14 ಫರ್ಲಾಟ್, ಸುಮಾರು 735 ಲೀಟರು. ಗೋಧಿಯ ಲೆಕ್ಕ ಹಿಡಿದರೆ 504ಕ್ಕೆ ಇಳಿದು ಗೇಣಿಯ ಮೂರನೆಯ ಒಂದು ಪಾಲೇ ಮಾಯವಾಗುತ್ತದೆ. ಓಟ್ಸ್ ಹಿಟ್ಟಿನ ಬೋಲ್ ಕ್ರಮೇಣ 140 ಪೌಂಡಿನ ತೂಕವಾಗಿ ನಿಂತಿತು. ಅಲ್ಲಿ ಲೀಟರಿನ ಮಾತೇ ಇಲ್ಲ, ಫರ್ಲಾಟ್ ಎಂದರೆ 35 ಪೌಂಡು. 1824ರ ಕಾಯಿದೆ ಬ್ರಿಟನ್ನಿಗೆಲ್ಲ ಒಂದೇ ಅಳತೆ ತಂದ ಮೇಲೂ ಹಳೆಯ ಹೆಸರುಗಳು ಬಾಯಿಂದ ಬೇಗ ಹೋಗಲಿಲ್ಲ.

ಕನ್ನಡದಲ್ಲಿ ‘ಕೊಳಗ’ ಎಂದು ಬರೆದು ಕೈತೊಳೆದುಕೊಳ್ಳುವುದೂ ಸಲ್ಲ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬುದು ನಮ್ಮ ಲೆಕ್ಕ. ಅಲ್ಲಿಯದು ನಾಲ್ಕು ನಾಲ್ಕರ ಏಣಿ. ಕೊಳಗವೂ ಊರಿಂದೂರಿಗೆ ಬದಲಾಗುತ್ತಿತ್ತು. ‘ಫರ್ಲಾಟ್’ ಎಂದೇ ಉಳಿಸಿ, ಕಾಳಿನ ಹೆಸರಿನೊಂದಿಗೆ ಅಡಿಟಿಪ್ಪಣಿ ಕೊಟ್ಟರೆ ಸಾಕು.

ಇಂತಿ,
ಕೆಲವು ಓದುಗರು, ಮಾಟುಂಗ, ಮುಂಬಯಿ