ಮಾರ್ಚ್ ಬಿಲ್ಲುಗಳು: ಜಿಎಸ್‌ಟಿ ಕಡಿತ ಮತ್ತು ದಾಸ್ತಾನು ವಹಿ

ಎಲ್ಲ ಡಿಡಿಒ (ಹಣ ಸೆಳೆಯುವ ಮತ್ತು ಬಟವಾಡೆ ಅಧಿಕಾರಿ), ಲೆಕ್ಕ ಶಾಖೆ ಹಾಗೂ ಉಗ್ರಾಣದವರ ಗಮನಕ್ಕೆ.

ಜಿಎಸ್‌ಟಿ ಟಿಡಿಎಸ್ (ಸರಬರಾಜುದಾರರಿಗೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಲೆಕ್ಕದಲ್ಲೇ ಹೆಚ್ಚು ತಪ್ಪಾಗುವುದು. ತೆರಿಗೆ ಬಿಟ್ಟು ಕರಾರಿನ ಮೌಲ್ಯ 2.5 ಲಕ್ಷ ರೂ. ದಾಟಿದರೆ ಶೇ. 2 ಕಡಿತ ಮಾಡಲೇಬೇಕು. ನೋಡಬೇಕಾದ್ದು ಕರಾರಿನ ಮೊತ್ತ, ಕಂತಿನ ಮೊತ್ತವಲ್ಲ. 4 ಲಕ್ಷದ ಆದೇಶವನ್ನು ಲಕ್ಷದಂತೆ ನಾಲ್ಕು ಬಿಲ್ ಮಾಡಿದರೂ ಪ್ರತಿ ಬಿಲ್ಲಿನಲ್ಲೂ ಕಡಿತ ಬರುತ್ತದೆ.

ಉದಾಹರಣೆಗೆ, ಸರಕು 3,00,000, ಜಿಎಸ್‌ಟಿ 54,000, ಒಟ್ಟು 3,54,000. ಕಡಿತ 6,000 ರೂ.; 7,080 ಅಲ್ಲ. ಸರಬರಾಜುದಾರ ರಾಜ್ಯದವರೇ ಆದರೆ ಸಿಜಿಎಸ್‌ಟಿ (ಕೇಂದ್ರದ ಪಾಲು) 3,000, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) 3,000. ಹೊರರಾಜ್ಯದಿಂದ ಸರಕು ಬಂದಿದ್ದರೆ ಪೂರ್ತಿ ಐಜಿಎಸ್‌ಟಿ (ಅಂತರರಾಜ್ಯ ತೆರಿಗೆ). ಮುಂದಿನ ತಿಂಗಳ 10ರೊಳಗೆ ಹಣ ಕಟ್ಟಿ ಜಿಎಸ್‌ಟಿಆರ್-7 (ಕಡಿತದ ಮಾಸಿಕ ವಿವರಪಟ್ಟಿ) ಸಲ್ಲಿಸಿ. ತಡವಾದರೆ ವಾರ್ಷಿಕ ಶೇ. 18 ಬಡ್ಡಿ. ಸರಬರಾಜುದಾರರ ಜಿಎಸ್‌ಟಿಐಎನ್‌ (ಜಿಎಸ್‌ಟಿ ನೋಂದಣಿ ಸಂಖ್ಯೆ) ಒಂದಂಕಿ ತಪ್ಪಿದರೂ ಹಣ ಅವರ ಖಾತೆಗೆ ಕಾಣದು, ಫೋನು ಬರುವುದು ನಿಮಗೇ.

ಉಗ್ರಾಣದವರು: ಸರಕಿನ ಜೊತೆ ಬರುವ ಚಲನ್ ನೋಡಿ ದಾಸ್ತಾನು ವಹಿ ಬರೆಯಬೇಡಿ. ಎಣಿಸಿ, ತೂಗಿ, ಆದೇಶದ ನಿರ್ದಿಷ್ಟತೆಯೊಂದಿಗೆ ತಾಳೆ ನೋಡಿದ ಮೇಲೆಯೇ ನಮೂದಿಸಿ. ಬಿಲ್ಲಿನ ಮೇಲೆ ವಹಿಯ ಪುಟ, ಕ್ರಮ ಸಂಖ್ಯೆ ಇರಲಿ. ಸರಕು ಬರುವ ಮುನ್ನವೇ "ಸ್ವೀಕರಿಸಿದೆ" ಎಂದು ಸಹಿ ಹಾಕುವುದು ಮಾರ್ಚ್ ತಿಂಗಳ ಹಳೇ ಕಾಯಿಲೆ. ಲೆಕ್ಕ ಪರಿಶೋಧನೆಯಲ್ಲಿ ವಸೂಲಿ ಬರುವುದು ಸಹಿ ಹಾಕಿದವರ ಮೇಲೆ.

ಖರ್ಚಾಗದ ಅನುದಾನ ಮಾರ್ಚ್ 31ಕ್ಕೆ ರದ್ದಾಗುತ್ತದೆ. ಖಜಾನೆ-2ರಲ್ಲಿ (ರಾಜ್ಯ ಖಜಾನೆಯ ಆನ್‌ಲೈನ್ ವ್ಯವಸ್ಥೆ) ಬಿಲ್ ಹಾಕುವ ಮುನ್ನ ಲೆಕ್ಕ ಶೀರ್ಷಿಕೆಯಲ್ಲಿ ಉಳಿಕೆ ಎಷ್ಟಿದೆ, ಸ್ವೀಕೃತಿದಾರರ ಬ್ಯಾಂಕ್ ಖಾತೆ ಸರಿಯಿದೆಯೇ ನೋಡಿಕೊಳ್ಳಿ. ಕೊನೆಯ ದಿನ ಆಕ್ಷೇಪಣೆ ಬಂದರೆ ತಿದ್ದಲು ಸಮಯ ಸಿಗದು.