ಬಾಗಿಲ ಬಳಿಯ ಪೊರಕೆ

ಪ್ರೀತಿಯ ತಂಗಿ,

ನಿನ್ನ ಕಥೆ ಎರಡು ಸಲ ಓದಿದೆ. ಅಮೆರಿಕದ ದಕ್ಷಿಣ ಕರಾವಳಿ, ಪಾಳು ಬಂಗಲೆ, ಓಕ್ ಮರದಿಂದ ಜೋತುಬಿದ್ದ ಬೂದು ಪಾಚಿ, ಅಮಾವಾಸ್ಯೆ, ಮಾಟಗಾತಿ. ಎಲ್ಲಾ ಇದೆ, ಹೆದರಿಕೆ ಮಾತ್ರ ಆಗಲಿಲ್ಲ. (ಅಂದಹಾಗೆ, ಆ 'ಸ್ಪ್ಯಾನಿಷ್ ಮಾಸ್' ಪಾಚಿಯೇ ಅಲ್ಲ. ಅನಾನಸ್ ಕುಟುಂಬದ ಗಿಡ!)

ಸೌತ್ ಕ್ಯಾರೊಲಿನಾ, ಜಾರ್ಜಿಯಾದ ಕಡಲಂಚಿನಲ್ಲಿ ಗಲ್ಲಾ ಗೀಚಿ ಜನ ಇದ್ದಾರೆ. ಆಫ್ರಿಕಾದಿಂದ ಗುಲಾಮರಾಗಿ ತಂದವರ ಮಕ್ಕಳು ಮರಿಮಕ್ಕಳು. ಅವರ ಕಥೆಗಳಲ್ಲಿ 'ಬೂ ಹ್ಯಾಗ್' ಅಂತ ಒಬ್ಬಳು ಬರುತ್ತಾಳೆ. ರಾತ್ರಿ ತನ್ನ ಚರ್ಮ ಕಳಚಿಟ್ಟು, ಸಣ್ಣ ಸಂದಿಯಲ್ಲೂ ನುಸುಳಿ ಬಂದು, ಮಲಗಿದವರ ಎದೆ ಮೇಲೆ ಕೂರುತ್ತಾಳೆ. ಅದಕ್ಕೆ ಮದ್ದು ಏನು ಗೊತ್ತಾ? ಬಾಗಿಲ ಬಳಿ ಒಂದು ಪೊರಕೆ. ಅದರ ಕಡ್ಡಿಗಳನ್ನೆಲ್ಲ ಎಣಿಸದೆ ಅವಳಿಗೆ ಮುಂದೆ ಹೋಗಲಾಗುವುದಿಲ್ಲ. ಅಷ್ಟರಲ್ಲಿ ಬೆಳಗಾದರೆ ಅವಳ ಕಥೆ ಮುಗಿಯಿತು. ಬಾಗಿಲ ಮೇಲೆ ಬರೆದ 'ನಾಳೆ ಬಾ' ಓದಿ ವಾಪಸ್ ಹೋಗುವ ನಮ್ಮ ದೆವ್ವದ ಹಾಗೇ, ಅಲ್ವಾ?

ನಿನ್ನ ಮಾಟಗಾತಿ ಏನು ಬೇಕಾದರೂ ಮಾಡಬಲ್ಲಳು. ಹಾಗಾಗಿ ನಾನು ಉಸಿರು ಬಿಗಿಹಿಡಿದು ಕಾಯುವ ಕ್ಷಣವೇ ಬರಲಿಲ್ಲ. ಅವಳು ಕತ್ತಲಲ್ಲಿ ಕೂತು ಕಡ್ಡಿ ಎಣಿಸುತ್ತಿರಲಿ. ಇನ್ನು ಹತ್ತೇ ಉಳಿದಿರಲಿ. ಕೋಳಿ ಇನ್ನೂ ಕೂಗದಿರಲಿ.

ಮತ್ತೆ ಆ ಜಗುಲಿಯ ಚಾವಣಿ. 'ಸುಂದರ ತಿಳಿನೀಲಿ' ಅಂತ ಬರೆದು ಸುಮ್ನೆ ಮುಂದೆ ಹೋಗಿಬಿಟ್ಟೆ! ಅದಕ್ಕೆ ಅಲ್ಲಿ 'ಹೇಂಟ್ ಬ್ಲೂ' ಅನ್ನುತ್ತಾರೆ, ಹೇಂಟ್ ಅಂದರೆ ದೆವ್ವ. ದೆವ್ವ ಅದನ್ನು ನೀರು ಅಂದುಕೊಂಡು ದಾಟುವುದಿಲ್ಲವಂತೆ. 18ನೇ ಶತಮಾನದಲ್ಲಿ ಸೌತ್ ಕ್ಯಾರೊಲಿನಾದ ಧಣಿಗಳು ನೀಲಿ ಗಿಡ (ಇಂಡಿಗೊ) ಬೆಳೆದು ದುಡ್ಡು ಮಾಡಿಕೊಂಡರು. ನಾರುವ ತೊಟ್ಟಿಗಳ ಪಕ್ಕ ನಿಂತು ಸೊಪ್ಪು ಕೊಳೆಸಿದವರು ಗುಲಾಮರು. ಆ ತೊಟ್ಟಿಯ ತಳದಲ್ಲಿ ಉಳಿದ ಗಸಿಯಿಂದಲೇ ಈ ಬಣ್ಣ ಶುರುವಾಯಿತು ಅನ್ನುತ್ತಾರೆ. ಈಗ ಹೇಳು, ಧಣಿಯ ಬಂಗಲೆಗೂ ಅದೇ ನೀಲಿ ಬಳಿದಿದ್ದರೆ ಅವನು ಹೆದರಿದ್ದು ಯಾರಿಗೆ? ಆ ಸೀಮೆಯ ಕಥೆಗಳ ಸೆಳೆತ ನನಗೆ ಇರುವುದು ಇಲ್ಲೇ. ದೆವ್ವ ಬರುವ ಮುಂಚೆಯೇ ಮನೆ ಏನನ್ನೋ ಮುಚ್ಚಿಟ್ಟುಕೊಂಡಿರುತ್ತದೆ.

'ಮಾಟಗಾತಿ' ಅನ್ನುವ ಪದವನ್ನೂ ಇನ್ನೊಮ್ಮೆ ನೋಡು. ನಿನ್ನ ಮುದುಕಿ ಬೇರು ನಾರು ಕೊಡುವವಳು. ಜ್ವರ ಬಂದರೂ, ಗಂಡ ಬಿಟ್ಟುಹೋದರೂ, ಕೋರ್ಟು ಕೇಸಾದರೂ ಬಡ ಕರಿಯರು ಇಂಥವರ ಬಾಗಿಲಿಗೇ ಬರುತ್ತಿದ್ದರು. ಸೌತ್ ಕ್ಯಾರೊಲಿನಾದ ಸೇಂಟ್ ಹೆಲೆನಾ ದ್ವೀಪದಲ್ಲಿ ಡಾಕ್ಟರ್ ಬಜರ್ಡ್ ಅಂತ ಹೆಸರಾದ ಒಬ್ಬನಿದ್ದ. ಬಣ್ಣದ ಕನ್ನಡಕ ಹಾಕಿಕೊಂಡು ಕೋರ್ಟಿಗೆ ಬಂದು, ಬೇರು ಅಗಿಯುತ್ತಾ ಕೂರುತ್ತಿದ್ದ. ಅವನು ಅಗಿದರೆ ಕೇಸು ತಮ್ಮ ಕಡೆ ತಿರುಗುತ್ತದೆ ಅಂತ ಜನ ನಂಬಿದ್ದರು. ನ್ಯಾಯ ಸಿಗದ ಕಡೆ ಆ ಬೇರಿನ ಬೆಲೆ ಎಷ್ಟಿರಬೇಡ, ಯೋಚಿಸು. ನಿನ್ನ ಮುದುಕಿಯ ಬಾಯಲ್ಲೂ ಒಂದು ಬೇರು ಇಟ್ಟು ನೋಡು.

ಮೂರನೇ ಪುಟದ ಅಮಾವಾಸ್ಯೆ ಇರಲಿ ಬಿಡು. ಆ ಒಂದು ಸಾಲು ನನಗೂ ಇಷ್ಟವಾಯಿತು.

ನಿನ್ನ ಅಣ್ಣ