ಜನ ಜಾಸ್ತಿಯಾದಾಗ ನೆಟ್‌ವರ್ಕ್ ಏನು ಮಾಡುತ್ತದೆ?

ಧಾರವಾಡ

ಚಿ. ಸುಮಾಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನೀನು ಬೆಂಗಳೂರಿನ ಇಂಟರ್ನೆಟ್ ಕಂಪನಿಗೆ ಸೇರಿದ್ದು, ರಾತ್ರಿ ಪಾಳಿ ಬಿದ್ದದ್ದು, ಎಲ್ಲಾ ಅಣ್ಣ ಹೇಳಿದ. ‘ಕಂಪ್ಲೇಂಟ್ ಬಂದರೆ ಎಲ್ಲಿಂದ ಹುಡುಕಬೇಕೋ ತಿಳಿಯೋದಿಲ್ಲ, ಎಲ್ಲರೂ ನನ್ನ ಮೇಲೇ ರೇಗ್ತಾರೆ’ ಅಂತ ಬೇಜಾರು ಮಾಡಿಕೊಂಡೆಯಂತೆ. ಫೋನಿನಲ್ಲಿ ಹೇಳಿದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ನಿನ್ನ ಯಂತ್ರಗಳು ಹೊಸವು, ಆದರೆ ಅವುಗಳ ಕಷ್ಟ ಹಳೆಯದೇ.

ಯಾವ ನೆಟ್‌ವರ್ಕನ್ನೂ ಎಲ್ಲರೂ ಒಟ್ಟಿಗೇ ಬಳಸಲಿ ಅಂತ ಕಟ್ಟಿರುವುದಿಲ್ಲ. ಅಷ್ಟು ದುಡ್ಡು ಯಾರ ಹತ್ತಿರವೂ ಇಲ್ಲ. ಇರುವುದನ್ನು ಹಂಚಿಕೊಳ್ಳಬೇಕು. ಆದ್ದರಿಂದ ಹೊಸ ನೆಟ್‌ವರ್ಕ್ ಯಾವುದೇ ಕಣ್ಣಿಗೆ ಬೀಳಲಿ, ಒಂದು ಪ್ರಶ್ನೆ ಕೇಳು: ಜನ ಜಾಸ್ತಿಯಾದಾಗ ಇದು ಏನು ಮಾಡುತ್ತದೆ? ಬಾಗಿಲಲ್ಲೇ ‘ಜಾಗ ಇಲ್ಲ’ ಅನ್ನುತ್ತದೆಯೋ, ಎಲ್ಲರನ್ನೂ ಒಳಗೆ ಬಿಟ್ಟು ಎಲ್ಲರನ್ನೂ ಕಾಯಿಸುತ್ತದೆಯೋ, ಈಗ ಇಸಕೊಂಡು ಆಮೇಲೆ ತಲುಪಿಸುತ್ತದೆಯೋ? ಈ ಉತ್ತರ ಸಿಕ್ಕರೆ ಕಂಪ್ಲೇಂಟಿನ ಅರ್ಧ ದಾರಿ ಸವೆದಂತೆ.

ನೀನು ಟ್ರಂಕ್ ಕಾಲ್ ನೋಡಿದವಳಲ್ಲ. ಪರವೂರಿಗೆ ಮಾತಾಡಬೇಕಾದರೆ ಮೊದಲು ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ದರ್ಜೆಗಳು. ಅವಸರ ಹೆಚ್ಚಿದಷ್ಟೂ ದುಡ್ಡು ಹೆಚ್ಚು. ಊರಿಂದೂರಿಗೆ ಇದ್ದ ಲೈನುಗಳೇ ಬೆರಳೆಣಿಕೆಯಷ್ಟು. ಬೆಳಿಗ್ಗೆ ಬುಕ್ ಮಾಡಿದ್ದು ಸಂಜೆಗೆ ಸಿಕ್ಕರೆ ಪುಣ್ಯ. ಆದರೆ ಒಮ್ಮೆ ಸಿಕ್ಕಿತೋ, ಆ ಲೈನು ಪೂರ್ತಿ ನಿನ್ನದು. ಮಾತಾಡು, ಅಳು, ಸುಮ್ನೆ ಉಸಿರು ಬಿಡುತ್ತಾ ಕೂತಿರು, ಬೇರೆಯವರಿಗೆ ಅದರಲ್ಲಿ ಪಾಲಿಲ್ಲ. ಮೂರು ನಿಮಿಷ ಆಯ್ತು ಅಂತ ಆಪರೇಟರ್ ನೆನಪಿಸುತ್ತಿದ್ದರು, ಅಷ್ಟೇ. 1960ರಲ್ಲಿ ಲಖನೌ–ಕಾನ್ಪುರದ ನಡುವೆ, ಆಪರೇಟರ್ ಇಲ್ಲದೆ ನಾವೇ ನೇರ ಡಯಲ್ ಮಾಡುವ ಎಸ್‌ಟಿಡಿ ಶುರುವಾದ ಮೇಲೆ ನಿಧಾನವಾಗಿ ದೇಶದ ತುಂಬ ಬಂತು. ಆಪರೇಟರ್ ಹೋದರು, ಸಿಕ್ಕ ಲೈನು ಪೂರ್ತಿ ನಿನ್ನದು ಅನ್ನುವ ನಿಯಮ ಹೋಗಲಿಲ್ಲ. ರಾತ್ರಿ ಹೊತ್ತಾದ ಮೇಲೆ ಕಾಲು ದರ ಅಂತ ಹಳದಿ ಬೋರ್ಡಿನ ಬೂತ್ ಮುಂದೆ ಜನ ಸಾಲುಗಟ್ಟುತ್ತಿದ್ದರಲ್ಲ, ಅದೂ ಇದೇ ಲೆಕ್ಕ. ಹಗಲಿನ ಗದ್ದಲವನ್ನು ಸ್ವಲ್ಪ ರಾತ್ರಿಗೆ ತಳ್ಳುವ ಉಪಾಯ.

ಎಕ್ಸ್‌ಚೇಂಜುಗಳು ಡಿಜಿಟಲ್ ಆದಾಗಲೂ ಇದು ಬದಲಾಗಲಿಲ್ಲ. ಸೆಕೆಂಡಿಗೆ 8000 ಸಲ ದನಿಯನ್ನು ಅಳೆದು, ಒಂದೊಂದು ಅಳತೆಗೆ 8 ಬಿಟ್ ಕೊಟ್ಟರೆ ಸೆಕೆಂಡಿಗೆ 64,000 ಬಿಟ್. ನೀನು ಮಾತಾಡದೆ ಇದ್ದರೂ ಆ 64,000 ಹರಿಯುತ್ತಲೇ ಇರುತ್ತದೆ. ಮೌನಕ್ಕೂ ಅಷ್ಟೇ ಜಾಗ.

ಹಾಗಾದರೆ ಇಷ್ಟು ಮನೆಗೆ ಎಷ್ಟು ಲೈನು ಸಾಕು? ಈ ಲೆಕ್ಕಕ್ಕೆ ತಳಪಾಯ ಹಾಕಿದವನು ಎರ್ಲಾಂಗ್ ಅನ್ನುವ ಡೆನ್ಮಾರ್ಕಿನ ಗಣಿತಜ್ಞ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಕೆಲಸಕ್ಕಿದ್ದ. 1909ರಲ್ಲಿ ಇದರ ಬಗ್ಗೆ ಬರೆದ. ಜನ ಯಾವಾಗ ಫೋನ್ ಎತ್ತುತ್ತಾರೆ ಅಂತ ಯಾರೂ ಹೇಳಲಾರರು, ಆದರೆ ಸಾವಿರ ಜನ ಸೇರಿದರೆ ಅವರ ನಡತೆಗೆ ಒಂದು ಲೆಕ್ಕ ಸಿಗುತ್ತದೆ. ಒಂದು ಲೈನು ಒಂದು ಗಂಟೆ ಪೂರ್ತಿ ಬಿಡುವಿಲ್ಲದೆ ಇದ್ದರೆ ಅದಕ್ಕೆ ಒಂದು ಎರ್ಲಾಂಗ್ ಅಂತಲೇ ಹೆಸರು. ನಾವು ಅತಿ ಗದ್ದಲದ ಗಂಟೆ ಹಿಡಿದು ಎಣಿಸುತ್ತಿದ್ದೆವು. ನೂರು ಕಾಲ್ ಬಂದರೆ ಒಂದೋ ಎರಡೋ ವಾಪಸ್ ಹೋಗಲಿ, ಪರವಾಗಿಲ್ಲ ಅಂತ ಮೊದಲೇ ಒಪ್ಪಿಕೊಂಡು ಕಟ್ಟುವುದು. ‘ಎಲ್ಲಾ ಲೈನುಗಳು ಕಾರ್ಯನಿರತವಾಗಿವೆ’ ಅಂತ ಕೇಳುತ್ತದಲ್ಲ, ಅದನ್ನು ಕೆಟ್ಟದ್ದು ಅಂದುಕೊಳ್ಳಬೇಡ. ಅದು ಪ್ರಾಮಾಣಿಕ ಉತ್ತರ. ಈಗಿನ ನೆಟ್‌ವರ್ಕುಗಳು ಅಷ್ಟು ಪ್ರಾಮಾಣಿಕವಾಗಿಲ್ಲ ಅಂತ ನನ್ನ ದೂರು.

ನಮ್ಮ ಕಿತ್ತೂರಿನ ಕಥೆ ನಿನ್ನ ಆಫೀಸಿನಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ. ಟೆಲಿಫೋನ್ ಯಂತ್ರಗಳನ್ನು ನಮ್ಮಲ್ಲೇ ರೂಪಿಸುವ ಸರ್ಕಾರಿ ಸಂಸ್ಥೆ ಸಿ-ಡಾಟ್ ಹುಟ್ಟಿದ್ದು 1984ರಲ್ಲಿ. ಅವರು ಹಳ್ಳಿಗಾಗಿ ಮಾಡಿದ 128 ಪೋರ್ಟಿನ (ಲೈನು ಜೋಡಿಸುವ ಜಾಗಗಳ) ಪುಟ್ಟ ಎಕ್ಸ್‌ಚೇಂಜನ್ನು 1986ರ ಜುಲೈನಲ್ಲಿ ಮೊದಲು ಕೂರಿಸಿದ್ದು ಚೆನ್ನಮ್ಮನ ಕಿತ್ತೂರಿನಲ್ಲಿ. ಎಸಿ ರೂಮು ಬೇಡ, ಧೂಳು ಬಿಸಿಲು ತಡೆಯುತ್ತದೆ ಅನ್ನುವುದೇ ಅದರ ದೊಡ್ಡಸ್ತಿಕೆ. ಅಂಥವು ಬಂದಮೇಲೇ ಹಳ್ಳಿಯವರು ಫೋನ್ ಮಾಡಲು ತಾಲ್ಲೂಕಿಗೆ ಬಸ್ ಹಿಡಿಯುವುದು ತಪ್ಪಿದ್ದು.

ಈಗ ನಿನ್ನ ಕೆಲಸಕ್ಕೆ ಬರುತ್ತೇನೆ. ನಮ್ಮದು ಪಂಕ್ತಿ ಊಟ, ನಿನ್ನದು ಬಫೆ. ನಮ್ಮಲ್ಲಿ ಎಲೆ ಖಾಲಿ ಇಲ್ಲದಿದ್ದರೆ ಹೊರಗೆ ನಿಲ್ಲಬೇಕು, ಕೂತ ಮೇಲೆ ಎಲೆ ನಿನ್ನದೇ. ನಿಮ್ಮಲ್ಲಿ ಯಾರನ್ನೂ ತಡೆಯುವುದಿಲ್ಲ, ತಟ್ಟೆ ಹಿಡಿದು ಎಲ್ಲರೂ ಒಬ್ಬರನ್ನೊಬ್ಬರು ತಳ್ಳಬೇಕು.

ಸಂದೇಶವನ್ನು ಚೂರು ಮಾಡಿ, ಒಂದೊಂದು ಚೂರಿಗೂ ವಿಳಾಸ ಬರೆದು ಬಿಡುವ ಈ ಪ್ಯಾಕೆಟ್ ಉಪಾಯವನ್ನು 1960ರ ದಶಕದಲ್ಲಿ ಅಮೆರಿಕದ ಪಾಲ್ ಬಾರನ್, ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಬೇರೆಬೇರೆಯಾಗಿ ಯೋಚಿಸಿದರು. ನನ್ನ ಕಣ್ಣಿಗೆ ಇದು ಹಳೇ ತಾರಿನ, ಅಂದರೆ ಟೆಲಿಗ್ರಾಂನ, ಮೊಮ್ಮಗ. ತಾರಿನಲ್ಲೂ ನಡುವಿನ ಆಫೀಸಿನವರು ಪೂರ್ತಿ ಸಂದೇಶ ಬರೆದುಕೊಂಡು, ಮುಂದಿನ ಲೈನ್ ಖಾಲಿಯಾದಾಗ ಕಳಿಸುತ್ತಿದ್ದರು. 2013ರ ಜುಲೈನಲ್ಲಿ ತಾರು ನಿಂತಾಗ ಜನ ಕೊನೇ ತಾರು ಕಳಿಸಲು ಮುಗಿಬಿದ್ದರು. ಆ ಪದ್ಧತಿ ಮಾತ್ರ ನಿನ್ನ ರೌಟರಿನೊಳಗೆ ಇನ್ನೂ ಕೂತಿದೆ: ಇಸಕೋ, ಕಾಯಿಸು, ಮುಂದೆ ಕಳಿಸು. ಸಾಮಾನ್ಯವಾಗಿ ಒಂದು ಪ್ಯಾಕೆಟ್ಟಿನ ಮಿತಿ 1500 ಬೈಟ್. ಕಾಯುವ ಜಾಗ ತುಂಬಿತೋ, ಹೊಸದಾಗಿ ಬಂದದ್ದನ್ನು ಸದ್ದಿಲ್ಲದೆ ಬಿಸಾಕುತ್ತದೆ. ಕಳಿಸಿದವನಿಗೆ ಅದು ಬಾಯಿಬಿಟ್ಟು ಹೇಳುವುದಿಲ್ಲ. ‘ತಲುಪಿತು’ ಅನ್ನುವ ಉತ್ತರ ಬರದಿದ್ದಾಗ ಅವನೇ ತಿಳಿದುಕೊಂಡು ಮತ್ತೆ ಕಳಿಸಬೇಕು.

ಫೈಲಿಗೆ ಇದು ಸರಿ. ಒಂದು ಚೂರು ತಡವಾದರೆ ಏನಾಯ್ತು? ಮಾತಿಗೆ ಸರಿಯಲ್ಲ. ಇಂಟರ್ನೆಟ್ ಕಾಲಿನಲ್ಲಿ ದನಿಯನ್ನು ಹೆಚ್ಚಾಗಿ 20 ಮಿಲಿಸೆಕೆಂಡಿನ ಚೂರುಗಳಾಗಿ ಕಳಿಸುತ್ತಾರೆ. ಕಳೆದುಹೋದ ಚೂರು ಅರ್ಧ ಸೆಕೆಂಡ್ ಬಿಟ್ಟು ಬಂದರೆ ಯಾರಿಗೆ ಬೇಕು? ಅದಕ್ಕೇ ಅದನ್ನು ಬಿಟ್ಟೇ ಮುಂದೆ ಹೋಗುತ್ತಾರೆ, ದನಿ ತುಂಡುತುಂಡಾಗುತ್ತದೆ. ಆದ್ದರಿಂದ ಗ್ರಾಹಕರು ‘ನೆಟ್ ಸರಿ ಇಲ್ಲ’ ಅಂದಾಗ ಸ್ಪೀಡ್ ಟೆಸ್ಟ್ ತೋರಿಸಿ ಅವರ ಬಾಯಿ ಮುಚ್ಚಿಸುವ ಚಾಳಿ ಕಲಿಯಬೇಡ. ಸ್ಪೀಡು 100 ಇದ್ದೂ ಕಾಲ್ ಕಡಿಯಬಹುದು. ಡೌನ್‌ಲೋಡ್ ನಿಧಾನವೋ, ಮಾತು ಕಡಿಯುತ್ತದೋ, ಇಡೀ ದಿನವೋ, ರಾತ್ರಿ ಊಟದ ಹೊತ್ತಿಗೆ ಮಾತ್ರವೋ ಅಂತ ಕೇಳು. ರಾತ್ರಿ ಮಾತ್ರ ಅಂದರೆ ಅವರ ಮನೆಯ ವೈರನ್ನು ದೂರಬೇಡ, ಅಕ್ಕಪಕ್ಕದವರು ಎಲ್ಲಿ ಒಂದಾಗುತ್ತಾರೋ ಅಲ್ಲಿ ನೋಡು.

ಅದು ಎಲ್ಲಿ ಅಂತ ಸ್ಕ್ರೀನಿನ ಮುಂದೆ ಕೂತರೆ ತಿಳಿಯುವುದಿಲ್ಲ. ರಜೆಯ ದಿನ ಒಮ್ಮೆ ಫೈಬರ್ ಹುಡುಗರ ಜೊತೆ ಹೋಗು. ಪ್ಲಾಸ್ಟಿಕ್ ಸಿಪ್ಪೆ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ಕೂದಲೆಳೆಯಂಥ ಆ ಗಾಜನ್ನು ನೇರವಾಗಿ ಕತ್ತರಿಸಿ, ಎರಡು ತುದಿಗಳನ್ನು ಯಂತ್ರದಲ್ಲಿ ಎದುರುಬದುರು ಇಡುತ್ತಾರೆ. ಒಂದು ಕಿಡಿ ಹಾರುತ್ತದೆ, ಗಾಜು ಕರಗಿ ಒಂದಾಗುತ್ತದೆ. ಕಂಬದ ಮೇಲಿನ ಡಬ್ಬಿ ತೆರೆದಾಗ ಒಳಗಿನ ಸ್ಪ್ಲಿಟರ್ ನೋಡು. ಒಂದು ಫೈಬರ್ ಒಳಗೆ, ಎಷ್ಟೋ ಕಡೆ 32 ಹೊರಗೆ. ಕರೆಂಟಿಲ್ಲ, ಲೆಕ್ಕ ಮಾಡುವ ಚಿಪ್ ಇಲ್ಲ, ಬರೀ ಗಾಜು. ಬೆಳಕು 32 ಪಾಲಾಗಿ ಎಲ್ಲ ಮನೆಗೂ ಹೋಗುತ್ತದೆ. ನಿನ್ನ ಸಿನಿಮಾದ ಬೆಳಕು ಪಕ್ಕದ ಮನೆಯೊಳಗಿನ ಡಬ್ಬಿಗೂ (ಮೋಡೆಮ್ಮಿಗೂ) ತಲುಪುತ್ತದೆ. ಅದರ ಮೇಲಿನ ಗುರುತು ನೋಡಿ ಆ ಡಬ್ಬಿ ತನ್ನದಲ್ಲ ಅಂತ ಬಿಟ್ಟುಬಿಡುತ್ತದೆ.

ಮನೆಯಿಂದ ವಾಪಸ್ ಬರುವ ದಾರಿ ಬೇರೆ. ಅಲ್ಲಿ ಸರದಿ ಉಂಟು. ಯಾವ ಡಬ್ಬಿ ಯಾವ ಕ್ಷಣಕ್ಕೆ ಬೆಳಕು ಬಿಡಬೇಕು ಅಂತ ನಿಮ್ಮ ಕಡೆಯ ಯಂತ್ರ ಹೇಳುತ್ತದೆ. ಒಂದು ಮನೆಯ ಡಬ್ಬಿ ಕೆಟ್ಟು, ಸರದಿ ಮರೆತು ಬೆಳಕು ಬಿಡುತ್ತಲೇ ಇದ್ದರೆ, ಉಳಿದ 31 ಮನೆಗಳೂ ಬಿದ್ದುಹೋಗಬಹುದು. ಕಂಪ್ಲೇಂಟ್ 31 ಮನೆಯಿಂದ ಬರುತ್ತದೆ, ತಪ್ಪು ಫೋನೇ ಮಾಡದ ಮನೆಯಲ್ಲಿ ಇರುತ್ತದೆ! ಇಂಥ ರಾತ್ರಿ ನಿನಗೂ ಒಂದು ಬರುತ್ತದೆ. ಗಾಬರಿಯಾಗದೆ ಆ ಸ್ಪ್ಲಿಟರಿನ ಮನೆಗಳನ್ನು ಒಂದೊಂದಾಗಿ ಬಂದ್ ಮಾಡಿಸಿ ನೋಡು.

ಮೊಬೈಲ್ ಟವರಿನಲ್ಲೂ ಅದೇ ಪ್ರಶ್ನೆ. ಜಾತ್ರೆಯಲ್ಲಿ ಕಾಲ್ ಹೋಗುವುದಿಲ್ಲ, ಮೆಸೇಜ್ ಹೋಗುತ್ತದೆ, ಯಾಕೆ? ಹಳೇ 2ಜಿಯಲ್ಲಿ ಎಸ್ಎಂಎಸ್‌ಗೆ ಮಾತಿನ ಚಾನೆಲ್ ಬೇಕಿಲ್ಲ, ಫೋನೂ ಟವರೂ ತಮ್ಮ ತಮ್ಮಲ್ಲಿ ಸನ್ನೆ ಮಾಡಿಕೊಳ್ಳುವ ಚಾನೆಲ್ಲಿನಲ್ಲೇ ನುಸುಳುತ್ತದೆ. ಆ ಕಡೆಯ ಫೋನ್ ಬಂದ್ ಇದ್ದರೆ ನಡುವಿನ ಕೇಂದ್ರ ಇಟ್ಟುಕೊಂಡು ಕಾಯುತ್ತದೆ. ಜಾಗ ಮಾತ್ರ 140 ಬೈಟ್. ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70. ಅದರಲ್ಲೂ ‘ಶ್ರೀ’ ಒಂದಕ್ಕೇ ನಾಲ್ಕು ಖರ್ಚು. ಹೊಳೆ ಏರಿದಾಗ, ಗುಡ್ಡ ಕುಸಿದಾಗ ಮತ್ತೆ ಮತ್ತೆ ಕಾಲ್ ಮಾಡಬೇಡಿ, ಮೆಸೇಜ್ ಹಾಕಿ ಅಂತ ಮನೆಯವರಿಗೆಲ್ಲ ಹೇಳಿಡು.

ಇನ್ನು ರೇಡಿಯೋ. ಇದಕ್ಕೆ ನನ್ನ ಪ್ರಶ್ನೆಯೇ ಅಂಟುವುದಿಲ್ಲ. ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದರು. ಆಕಾಶವಾಣಿ ಅನ್ನುವ ಹೆಸರು ಅಲ್ಲಿಂದಲೇ ಬಂತು. ಕೇಳುವವರು ಹತ್ತು ಜನ ಇರಲಿ, ಹತ್ತು ಲಕ್ಷ ಇರಲಿ, ಟ್ರಾನ್ಸ್‌ಮಿಟರಿಗೆ ಕೆಲಸ ಒಂದೇ. ಎದುರು ಮಾತಾಡುವ ಹಾಗಿಲ್ಲ, ಅದೇ ಬೆಲೆ. ಕ್ರಿಕೆಟ್ ಮ್ಯಾಚನ್ನು ಮೊಬೈಲಿನಲ್ಲಿ ನೋಡಿದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರತಿ ಕಳಿಸಬೇಕು. ಅದಕ್ಕೇ ಪ್ರತಿಗಳನ್ನು ಊರಿಗೆ ಹತ್ತಿರದ ಸರ್ವರುಗಳಲ್ಲಿ ಇಡುತ್ತಾರೆ. 2023ರಲ್ಲಿ ಎಲ್ಲರ ಫೋನೂ ಒಮ್ಮೆಲೇ ಕಿರುಚಿ, ಸರ್ಕಾರದ ಪರೀಕ್ಷಾ ಎಚ್ಚರಿಕೆ ಬಂದಿತ್ತಲ್ಲ? ಅದು ಮೊಬೈಲ್ ಟವರು ರೇಡಿಯೋ ಕೆಲಸ ಮಾಡಿದ್ದು. ಯಾರ ನಂಬರೂ ಬೇಕಿಲ್ಲ, ಟವರಿನ ಕೆಳಗಿದ್ದವರಿಗೆಲ್ಲ ಒಂದೇ ಕೂಗು.

ಕೊನೆಗೆ ನಮ್ಮ ಮನೆಯ ಸುದ್ದಿ. ಹಳೇ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ತಂತಿಯಲ್ಲೇ ಬರುತ್ತಿತ್ತು, ಮನೆಯ ಕರೆಂಟ್ ಹೋದರೂ ಫೋನ್ ಬದುಕಿರುತ್ತಿತ್ತು. ಫೈಬರ್ ಬಂದ ಮೇಲೆ ಆ ಸುಖ ಇಲ್ಲ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲವಲ್ಲ. ಲೈಟ್ ಹೋದರೆ ಡಬ್ಬಿ ಸತ್ತಿತು, ಅಜ್ಜಿಯ ಫೋನೂ ಸತ್ತಿತು. ಚೌತಿಗೆ ಬರುವಾಗ ಎಸ್.ಪಿ. ರೋಡಿನಲ್ಲಿ ರೌಟರಿಗೆ ಹಾಕುವ ಚಿಕ್ಕ ಯುಪಿಎಸ್ ಒಂದು ತೆಗೆದುಕೊಂಡು ಬಾ. ನಮ್ಮ ಡಬ್ಬಿಯ ಅಡಾಪ್ಟರ್ 12 ವೋಲ್ಟಿನದು. ದುಡ್ಡು ಇಲ್ಲಿ ನನ್ನ ಹತ್ತಿರ ಇಸಕೋ, ನಿಮ್ಮಪ್ಪನನ್ನು ಕೇಳಬೇಡ.

ಇಂತಿ ನಿನ್ನ
ಕಾಕಾ